ನಾಲ್ಕು, ನಾಲ್ಕು, ಐದು

ಊರು ಇನ್ನೂ ಅರ್ಧ ಗಂಟೆ ದೂರವಿರುವಾಗಲೇ ಅವನು ಗಾಡಿಯನ್ನು ಮೂರು ಸಲ ರಸ್ತೆಬದಿಗೆ ನಿಲ್ಲಿಸಿ, ಹಿಂದಿನ ಬಾಗಿಲು ತೆಗೆದು, ಪೆಟ್ಟಿಗೆಯ ಮುಚ್ಚಳ ಎತ್ತಿ ನೋಡಿದ್ದ. ನಾಲ್ಕು ನೀಲಿ ಐಸ್ ಚೀಲಗಳು ಇಟ್ಟಲ್ಲೇ ಇದ್ದವು, ಕಲ್ಲಿನ ಹಾಗೆ ಗಟ್ಟಿಯಾಗಿ. ಥರ್ಮಾಮೀಟರಿನ ಪುಟ್ಟ ಕಿಟಕಿಯಲ್ಲಿ ಮೂರು ಡಿಗ್ರಿ ಅಂತ ಇತ್ತು. ಎರಡರಿಂದ ಎಂಟರೊಳಗೆ ಇದ್ದರೆ ಸಾಕು. ಮೂರು ಎಂದರೆ ಯಾರೂ ಬೆರಳು ತೋರಿಸುವಂತಿಲ್ಲ. ಆದರೂ ಮುಚ್ಚಳ ಹಾಕಿ ಸೀಟಿಗೆ ಬಂದು ಕೂತ ಕೂಡಲೇ ಬೆನ್ನ ಹಿಂದೆ ಏನೋ ಹನಿಹನಿಯಾಗಿ ಸೋರುತ್ತಿದೆ ಅನ್ನಿಸುತ್ತಿತ್ತು. ಎದುರಿಗೆ ಬರುವ ಲಾರಿಯ ಹಾರನ್ನು ಎರಡನೆಯ ಸಲ ಕೂಗಿದಾಗಷ್ಟೇ ಕೇಳುತ್ತಿತ್ತು. ಹನ್ನೆರಡು ವರ್ಷದಿಂದ ಇದೇ ಕೆಲಸ. ದೇಶದಲ್ಲಿ ಅಲ್ಲಲ್ಲಿ ಆರಿಸಿದ ಅರವತ್ತು ಕ್ಲಿನಿಕ್ಕುಗಳಲ್ಲಿ, ಕೆಮ್ಮು ಜ್ವರ ಅಂತ ಬಂದವರ ಪೈಕಿ ಒಂದೊಂದು ಕಡೆಯೂ ವಾರಕ್ಕೆ ಹನ್ನೆರಡು ಜನರ ಮೂಗಿನೊಳಗೆ ಹತ್ತಿಯ ಕಡ್ಡಿ ಆಡಿಸಿ, ಆ ಕಡ್ಡಿಯನ್ನು ಕೊಳವೆಯಲ್ಲಿ ಮುಚ್ಚಿಡುತ್ತಿದ್ದರು. ಅವನಂಥ ಡ್ರೈವರುಗಳು ಅವನ್ನು ತಣ್ಣಗಿಟ್ಟುಕೊಂಡು ದೊಡ್ಡ ಲ್ಯಾಬಿಗೆ ಮುಟ್ಟಿಸಬೇಕು. ಲ್ಯಾಬಿನವರು ಹೇಳಿದ್ದರ ಮೇಲೆ ಸೋಮವಾರ ಸೋಮವಾರ ದೇಶದ ನಕಾಶೆಗೆ ಬಣ್ಣ ಬೀಳುತ್ತಿತ್ತು. ಫ್ಲೂ ಇಲ್ಲದ ಕಡೆ ಬಿಳಿ, ಅಷ್ಟಿಷ್ಟು ಇದ್ದರೆ ಹಳದಿ, ಜೋರಾಗಿದ್ದರೆ ಕೆಂಪು. ಮಾತ್ರೆಯ ಪೆಟ್ಟಿಗೆಗಳು, ಹೆಚ್ಚುವರಿ ನರ್ಸುಗಳು, ಎಲ್ಲ ಆ ಬಣ್ಣ ನೋಡಿಕೊಂಡೇ ಹೊರಡುತ್ತಿದ್ದವು. ಹೋದ ಸೋಮವಾರ ಈ ಊರು ಬಿಳಿಯಾಗಿತ್ತು. ಆಫೀಸಿನ ಗೋಡೆಗೆ ಅಂಟಿಸಿದ ನಕಾಶೆಯಲ್ಲಿ ಸುತ್ತಲೂ ಹಳದಿ ಕೆಂಪು ಹರಡಿಕೊಂಡಿದ್ದರೂ ನಡುವೆ ಇದೊಂದೇ ತೊಳೆದಿಟ್ಟ ತಟ್ಟೆಯ ಹಾಗೆ ಹೊಳೆಯುತ್ತಿದ್ದುದನ್ನು ಅವನು ಚಹಾದ ಲೋಟ ಹಿಡಿದು ನಿಂತು ನೋಡಿದ್ದ. ಪಕ್ಕದಲ್ಲಿದ್ದ ಗುಮಾಸ್ತೆ, 'ಪುಣ್ಯವಂತರ ಊರಪ್ಪಾ' ಅಂದಿದ್ದಳು. ಅವನು ಹೌದೆಂದು ತಲೆಯಾಡಿಸಿದ್ದ. ಹಾಗೆ ತಲೆಯಾಡಿಸಿದ್ದು ಯಾಕೆ ಎಂದು ಮೂರು ದಿನದಿಂದ ತನ್ನನ್ನೇ ಕೇಳಿಕೊಳ್ಳುತ್ತಿದ್ದ, ಸುಮ್ಮನಿದ್ದರೂ ನಡೆಯುತ್ತಿತ್ತು.

ಆಫೀಸಿನಲ್ಲಿ ಅವನಿಗೆ 'ಫ್ರಿಜ್ಜು' ಅಂತ ಹೆಸರು. ಹೊತ್ತು ತರುವ ಪೆಟ್ಟಿಗೆಯಿಂದ ಹುಟ್ಟಿದ ಹೆಸರೇ ಆದರೂ ಅದು ತನ್ನ ಸ್ವಭಾವಕ್ಕೂ ಅಂಟಿಕೊಂಡಿದೆ ಎಂಬುದು ಅವನಿಗೆ ಗೊತ್ತಿತ್ತು. ಬಾಗಿಲು ತೆಗೆದರೆ ಮಾತ್ರ ದೀಪ, ಮಿಕ್ಕಂತೆ ಗುಂಯ್ ಅಂತ ಒಂದೇ ಸದ್ದು, ಎನ್ನುತ್ತಿದ್ದ ಉಗ್ರಾಣದವನು. ಅದೇ ಉಗ್ರಾಣದವನ ಮುಂದೆ ಹೋದ ಶುಕ್ರವಾರ ನಿಂತು, ನಾಲ್ಕೂ ಐಸ್ ಚೀಲ ಒಡೆದುಹೋದವು, ಹೊಸವು ಬೇಕು ಎಂದಾಗ ಆತ ಕನ್ನಡಕ ಹಣೆಗೇರಿಸಿ, 'ನಾಲ್ಕೂ ಒಂದೇ ಸಲಕ್ಕಾ? ಏನು, ಮಾತಾಡ್ಕೊಂಡು ಒಡೆದವಾ?' ಎಂದು ನಕ್ಕು ಕೊಟ್ಟುಬಿಟ್ಟಿದ್ದ. ಬೇರೆ ಯಾರೇ ಆಗಿದ್ದರೂ ಒಡೆದದ್ದನ್ನು ತಂದು ತೋರಿಸು ಎನ್ನುತ್ತಿದ್ದ. ಫ್ರಿಜ್ಜು ಸುಳ್ಳು ಹೇಳುವುದಿಲ್ಲ ಎಂದು ಎಲ್ಲರಿಗೂ ಗೊತ್ತು. ಅದು ಈಗ ಹೋಗುತ್ತಿರುವ ಈ ಊರಲ್ಲೇ ಇರುವ ಅವನ ಅಣ್ಣನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು. ನಾಲ್ಕು ವರ್ಷದ ಹಿಂದೆ ಅಮ್ಮನಿಗೆ ಉಸಿರು ಕಟ್ಟಿಕೊಂಡ ಮಧ್ಯಾಹ್ನ ಅವನು ಇದೇ ಗಾಡಿಯಲ್ಲಿ ಅಣ್ಣನ ಮನೆಯ ಬೀದಿಯಲ್ಲೇ ಇದ್ದ. ಅಣ್ಣ ಓಡಿ ಬಂದು ಬಾಗಿಲಿಗೆ ಕೈ ಹಾಕಿ, 'ಹಿಂದೆ ಮಲಗಿಸೋಣ, ತೆಗಿ' ಎಂದಾಗ ಅವನು ಆಡಿದ ಮಾತು ಅವನಿಗೇ ಇನ್ನೂ ಕೇಳಿಸುತ್ತದೆ: 'ಇದ್ರಲ್ಲಿ ರೋಗಿಗಳನ್ನ ಹಾಕೋ ಹಾಗಿಲ್ಲ ಅಣ್ಣಾ, ಬೇರೆ ಗಾಡಿ ನೋಡೋಣ.' ಬೇರೆ ಗಾಡಿ ಸಿಗಲು ಮುಕ್ಕಾಲು ಗಂಟೆ ಹಿಡಿಯಿತು. ಅಮ್ಮ ಆವತ್ತು ಸಾಯಲಿಲ್ಲ, ಎಂಟು ದಿನ ಕಳೆದು ಹೋದಳು. ಮುಕ್ಕಾಲು ಗಂಟೆಗೂ ಅದಕ್ಕೂ ಸಂಬಂಧವಿಲ್ಲ ಎಂದು ಆಸ್ಪತ್ರೆಯವರೇ ಹೇಳಿದ್ದರು. ಅಣ್ಣ ಒಂದು ಮಾತೂ ಆಡಲಿಲ್ಲ. ಆಡದೇ ಉಳಿದದ್ದು ಹಾಗೇ ಉಳಿಯಿತು.

ಅದಕ್ಕೇ ಹೋದ ಗುರುವಾರ, ಕ್ಲಿನಿಕ್ಕಿನಿಂದ ಕೊಳವೆಗಳನ್ನು ತುಂಬಿಕೊಂಡು ಹೊರಟು ಇನ್ನೂ ಊರು ದಾಟುವ ಮೊದಲು ಅತ್ತಿಗೆಯ ಫೋನು ಬಂದಾಗ ಅವನು ಗಾಡಿ ಬದಿಗೆ ನಿಲ್ಲಿಸಿಯೇ ಎತ್ತಿದ್ದ. 'ಜ್ವರ ನೆತ್ತಿಗೇರಿದೆ, ಏನೇನೋ ಮಾತಾಡ್ತಿದಾರೆ, ಒಂದ್ಸಲ ಬಂದು ಹೋಗ್ತೀರಾ?' ನಾಲ್ಕು ವರ್ಷದ ಮೇಲೆ ಆ ಮನೆಯ ಹೊಸ್ತಿಲು. ಒಳಗಿನ ಕೋಣೆಯಲ್ಲಿ ಮಂಚದ ಮೇಲೆ ಅಣ್ಣ ಕೆಂಡದಂತೆ ಕಾದು ಮಲಗಿದ್ದ, ತುಟಿ ಒಡೆದಿತ್ತು, ಗಡ್ಡದಲ್ಲಿ ಬಿಳಿ ಬಂದಿದ್ದು ಅವನಿಗೆ ಗೊತ್ತೇ ಇರಲಿಲ್ಲ. ಮನೆಯಲ್ಲಿ ಕರೆಂಟಿಲ್ಲ, ತಣ್ಣೀರು ಕೂಡ ಉಗುರುಬೆಚ್ಚಗಿತ್ತು. ಯೋಚಿಸಿದ್ದು ನೆನಪಿಲ್ಲ, ಗಾಡಿಗೆ ಓಡಿದ್ದು, ಪೆಟ್ಟಿಗೆಯಿಂದ ಎರಡು ಚೀಲ ತಂದು ಹಣೆಗಿಟ್ಟದ್ದು, ಸಾಲದು ಎಂದು ಮತ್ತೆ ಓಡಿ ಇನ್ನೆರಡು ತಂದು ಕಂಕುಳಿಗಿಟ್ಟದ್ದು ನೆನಪಿದೆ. ಒಂದು ಗಂಟೆಗೂ ಹೆಚ್ಚು ಹೊತ್ತು ಮಂಚದ ಬದಿಗೆ ಸ್ಟೂಲಿನ ಮೇಲೆ ಕೂತು ಚೀಲ ತಿರುಗಿಸಿ ತಿರುಗಿಸಿ ಇಟ್ಟ. ಜ್ವರ ಇಳಿಯತೊಡಗಿದಾಗ ಅಣ್ಣ ಕಣ್ಣು ಬಿಟ್ಟ, ಅವನನ್ನು ಗುರುತಿಸಿದ, ಗುರುತಿಸಿದ್ದು ಕಣ್ಣಿನಲ್ಲೇ ತಿಳಿಯಿತು. ಆಮೇಲೆ ಗೋಡೆಯ ಕಡೆ ಹೊರಳಿ ಹೆಂಡತಿಗೆ ಹೇಳಿದ: 'ಯಾರು ಕರೆದದ್ದು ಅವರನ್ನ?' ಅವರನ್ನ. ಒಡಹುಟ್ಟಿದವನಿಗೆ ಬಹುವಚನ. ಅವನು ಎದ್ದು ಚಪ್ಪಲಿ ಸರಿಯಾಗಿ ಮೆಟ್ಟಿಕೊಳ್ಳದೆಯೇ ಹೊರಗೆ ಬಂದ. ಬಿಸಿಲಲ್ಲಿ ನಿಂತ ಗಾಡಿಯ ಹಿಂದಿನ ಬಾಗಿಲು ಸರಿಯಾಗಿ ಹಾಕಿರಲಿಲ್ಲ, ಪೆಟ್ಟಿಗೆಯ ಮುಚ್ಚಳ ಪಕ್ಕಕ್ಕೆ ಸರಿದಿತ್ತು. ಅವನು ಮುಚ್ಚಳ ಒತ್ತಿ ಹಾಕಿ, ಒಳಗೆ ನೋಡದೆ, ಎರಡೂವರೆ ಗಂಟೆ ಗಾಡಿ ಓಡಿಸಿದ. ಲ್ಯಾಬಿನ ಗೇಟಿನಲ್ಲಿ ನೋಡಿದಾಗ ಥರ್ಮಾಮೀಟರು ಮೂವತ್ತೊಂದು ಎನ್ನುತ್ತಿತ್ತು. ಜೊತೆಯ ಚೀಟಿಯಲ್ಲಿ ಮೂರು ಚೌಕ: ಹೊರಟಾಗ, ದಾರಿಯಲ್ಲಿ, ತಲುಪಿದಾಗ. ಅವನು ಸ್ಟೇರಿಂಗಿನ ಮೇಲೆ ಚೀಟಿ ಇಟ್ಟುಕೊಂಡು ನಾಲ್ಕು ಎಂದು ಬರೆದ, ಇನ್ನೊಂದು ನಾಲ್ಕು ಬರೆದ. ಮೂರನೆಯದಕ್ಕೂ ನಾಲ್ಕು ಬರೆಯಹೋದ ಕೈ ತಡೆಯಿತು. ಬಿಸಿಲ ದಿನ, ದೂರದ ದಾರಿ, ಅಷ್ಟೂ ಹೊತ್ತು ನಾಲ್ಕೇ ಇರುತ್ತದೆಯೇ? ಐದು ಎಂದು ಬರೆದ. ಆ ಎರಡು ನಾಲ್ಕುಗಳನ್ನು ಹೇಗಾದರೂ ನುಂಗಿಕೊಂಡೇನು, ಆ ಐದು ಮಾತ್ರ ಗಂಟಲಲ್ಲಿ ನಿಂತಿತ್ತು. ಅಷ್ಟು ಚೆನ್ನಾಗಿ ಸುಳ್ಳು ಹೇಳಲು ತನಗೆ ಯಾವಾಗ ಬಂತು?

ಕ್ಲಿನಿಕ್ಕಿನ ಮುಂದೆ ಗಾಡಿ ನಿಲ್ಲಿಸಲು ಜಾಗವಿರಲಿಲ್ಲ. ಒಳಗೆ ಬೆಂಚುಗಳೆಲ್ಲ ತುಂಬಿ ಜನ ಗೋಡೆಗೆ ಒರಗಿ ನಿಂತಿದ್ದರು. ಒಬ್ಬರ ಕೆಮ್ಮು ನಿಂತಲ್ಲಿಂದ ಇನ್ನೊಬ್ಬರದು ಎತ್ತಿಕೊಳ್ಳುತ್ತಿತ್ತು. ಪೆಟ್ಟಿಗೆ ಹೊತ್ತು ಒಳಗೆ ಬರುವಾಗ ದಾರಿ ಬಿಟ್ಟವರ ಮುಖ ನೋಡಲು ಅವನಿಗೆ ಆಗಲಿಲ್ಲ. ಎಲ್ಲರಿಗೂ ಗೊತ್ತಿದೆ ಎಂದೇ ಅನ್ನಿಸಿತು. ಮಾದರಿ ತೆಗೆಯುವ ಕುರ್ಚಿಯ ಪಕ್ಕ ಎಂದೂ ಇರುತ್ತಿದ್ದ ನರ್ಸು ಇವತ್ತು ಮೂಲೆಯ ಮೇಜಿಗೆ ಕೂತು ಲೇಬಲ್ಲಿನ ಮೇಲೆ ಹೆಸರು ಬರೆಯುತ್ತಿದ್ದಳು. ಆ ಹುಡುಗಿಯ ಕೈ ಎಷ್ಟು ಹಗುರವೆಂದರೆ, ಕಡ್ಡಿ ಒಳಗೆ ಹೋಗಿ ಬಂದದ್ದು ಗೊತ್ತಾಗದೆ ಜನ 'ಯಾವಾಗ ಮಾಡ್ತೀರಾ?' ಎಂದು ಕೇಳುವುದನ್ನು ಅವನೇ ಕೇಳಿದ್ದ. ಈಗ ಕಡ್ಡಿ ಡಾಕ್ಟರಮ್ಮನ ಕೈಯಲ್ಲಿತ್ತು. ನಿವೃತ್ತಿಗೆ ಒಂದು ವರ್ಷವಿದ್ದ ಆಕೆಯ ಬೆರಳುಗಳು ಸಣ್ಣಗೆ ನಡುಗುತ್ತಿದ್ದವು. ಕುರ್ಚಿಯಲ್ಲಿದ್ದ ಟೈಲರು, 'ಅಯ್ಯಯ್ಯೋ ತಾಯೀ, ಮೆದುಳು ಹೊರಗೆ ತೆಗೀತೀರಾ?' ಎಂದು ಕೂಗಿ ಕಣ್ಣೀರು ಒರೆಸಿಕೊಂಡ. ಯಾರೋ ನಕ್ಕರು. ನರ್ಸು ತಲೆ ಎತ್ತಲಿಲ್ಲ.

'ಬಂದ್ಯಾ?' ಎಂದಳು ಡಾಕ್ಟರಮ್ಮ, ಕೈಗವಸು ಬದಲಾಯಿಸುತ್ತ. 'ನೋಡು ನಮ್ಮ ಬಿಳಿ ಊರನ್ನ. ಬೆಳಗ್ಗೆಯಿಂದ ಎಂಬತ್ತು ಜನ. ನಿಮ್ಮ ಲ್ಯಾಬಿನವರ ಪ್ರಕಾರ ಇವರೆಲ್ಲ ನಾಟಕ ಆಡ್ತಿರೋದು.'

ಅವನು ಏನೋ ಗೊಣಗಿದ.

'ನಿಂದೇನು ತಪ್ಪಿಲ್ಲ ಬಿಡಪ್ಪಾ. ಕಾಗದ ಬಂದಿದೆ, ಓದ್ಕೋ ಬೇಕಾದ್ರೆ.'

ಮೇಜಿನ ಮೇಲಿದ್ದ ಕಾಗದವನ್ನು ಅವನು ಕೈಯಲ್ಲಿ ಹಿಡಿಯದೆ ಬಗ್ಗಿ ಓದಿದ. ಹನ್ನೆರಡು ಮಾದರಿಗಳಲ್ಲಿ ಒಂದರಲ್ಲೂ ಫ್ಲೂ ಕಂಡುಬಂದಿಲ್ಲ. ಮಾದರಿಗಳಲ್ಲಿ ಮೂಗಿನ ಒಳಪದರದ ಅಂಶವೇ ಇಲ್ಲದಿರುವುದರಿಂದ, ಸಾಗಣೆ ಸರಿಯಾಗಿದ್ದ ದಾಖಲೆಯಿರುವುದರಿಂದ, ತೆಗೆಯುವ ಕ್ರಮದಲ್ಲೇ ದೋಷವಿದೆಯೆಂದು ತೋರುತ್ತದೆ. ಸಂಬಂಧಪಟ್ಟ ಸಿಬ್ಬಂದಿಗೆ ಮರುತರಬೇತಿಯಾಗುವ ತನಕ ಈ ಕೆಲಸ ಕೊಡತಕ್ಕದ್ದಲ್ಲ. 'ಸಾಗಣೆ ಸರಿಯಾಗಿದ್ದ ದಾಖಲೆ' ಎಂಬಲ್ಲಿ ಅವನ ಕಣ್ಣು ನಿಂತುಬಿಟ್ಟಿತು. ಅದು ಅವನ ಮೂರು ಚೌಕ.

'ನಾನು ಮೂಗಿಗೇ ಹಾಕ್ಲಿಲ್ವಂತೆ,' ಎಂದಳು ನರ್ಸು, ಬರೆಯುವುದನ್ನು ನಿಲ್ಲಿಸದೆ. 'ಗಾಳೀಲಿ ಆಡಿಸಿ ಮುಚ್ಚಿಟ್ನಂತೆ. ಹನ್ನೆರಡೂ.'

'ಹಾಗೆ ಯಾರೂ ಅಂದಿಲ್ಲ ಕಣೇ,' ಎಂದಳು ಡಾಕ್ಟರಮ್ಮ. ಆದರೆ ಆ ದನಿಯಲ್ಲಿ ಒಂದು ಕೂದಲೆಳೆಯಷ್ಟು ಅನುಮಾನ ಇತ್ತು. ಅದು ಅವನಿಗೆ ಕೇಳಿಸಿತು ಎಂದ ಮೇಲೆ ನರ್ಸಿಗೆ ಕೇಳಿಸದೆ ಇರುತ್ತದೆಯೇ. ಹೇಳಿಬಿಡಬೇಕು, ಈಗಲೇ, ಈ ಟೈಲರು ಎದ್ದು ಹೋದ ಕೂಡಲೇ. ಟೈಲರು ಎದ್ದ. ಅಂಚೆಯ ಹೆಂಗಸು ಬಂದು ಕೂತಳು. ಅವಳು ಎದ್ದ ಮೇಲೆ. ಅವಳೂ ಎದ್ದಳು. ಅವನು ಗೋಡೆಯ ಮೇಲಿನ ಕೈ ತೊಳೆಯುವ ಏಳು ಹಂತದ ಚಿತ್ರವನ್ನು ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ನೋಡಿದ. ಹೇಳಿದರೆ ಏನಾಗುತ್ತದೆ ಎಂಬುದಕ್ಕಿಂತ ಯಾವ ಪದದಿಂದ ಶುರು ಮಾಡುವುದು ಎಂಬುದೇ ಹೊಳೆಯುತ್ತಿರಲಿಲ್ಲ. 'ಹೋದ ವಾರ' ಎಂದು ಶುರು ಮಾಡಬೇಕೋ, 'ನಮ್ಮಣ್ಣನಿಗೆ' ಎಂದೋ? ಎರಡನೆಯದು ನೆಪದ ಹಾಗೆ ಕೇಳುತ್ತದೆ. ಮೊದಲನೆಯದರಲ್ಲಿ ಅಣ್ಣನೇ ಇಲ್ಲವಾಗುತ್ತಾನೆ.

ಅಷ್ಟರಲ್ಲಿ ಹನ್ನೊಂದನೆಯವಳಾಗಿ ಕುರ್ಚಿಗೆ ಬಂದು ಕೂತವಳು ಅತ್ತಿಗೆ. ಶಾಲು ಹೊದ್ದುಕೊಂಡಿದ್ದಳು, ಕಣ್ಣು ಕೆಂಪಾಗಿತ್ತು. ಅವನನ್ನು ಕಂಡು ಜ್ವರದಲ್ಲೂ ಮುಖ ಅರಳಿಸಿ, ತೊಡೆಯ ಮೇಲಿದ್ದ ಬಟ್ಟೆಚೀಲವನ್ನು ಮುಂದೆ ಚಾಚಿದಳು.

'ಇಲ್ಲೇ ಸಿಕ್ಕಿದ್ರಲ್ಲ, ಒಳ್ಳೇದಾಯ್ತು. ಇದನ್ನ ಕೊಟ್ಟು ಬಾ ಅಂದ್ರು ನಿಮ್ಮಣ್ಣ. ಅವರ ವಸ್ತು ಅವರಿಗೆ ಸೇರ್ಲಿ ಅಂತ.'

'ಹೇಗಿದಾನೆ?'

'ಎದ್ದು ಓಡಾಡ್ತಿದಾರೆ. ನಿನ್ನೆ ಎರಡು ತುತ್ತು ಅನ್ನ ಸೇರ್ತು. ಈಗ ನನ್ನ ಸರದಿ ನೋಡಿ.' ಕೆಮ್ಮಿದಳು. ಚೀಲ ಜಾರಿ, ತೊಳೆದು ಒರೆಸಿದ ನಾಲ್ಕು ನೀಲಿ ಐಸ್ ಚೀಲಗಳು ನರ್ಸಿನ ಮೇಜಿನ ಮೇಲೆ ಬಿದ್ದವು. ಪ್ರತಿಯೊಂದರ ಮೇಲೂ ಕಪ್ಪು ಶಾಯಿಯಲ್ಲಿ ಅಚ್ಚೊತ್ತಿತ್ತು: ಗಾಡಿ ಹನ್ನೊಂದು. ನರ್ಸು ಒಂದನ್ನು ಎತ್ತಿ ನೋಡಿದಳು. ನೆಲದ ಮೇಲಿದ್ದ ಅವನ ಪೆಟ್ಟಿಗೆಯ ಮೇಲೂ ಅದೇ ಹನ್ನೊಂದು.

'ಇದು ನಿಮ್ಮನೇಲಿ ಯಾವತ್ತಿಂದ ಇತ್ತಮ್ಮಾ?' ಎಂದು ಕೇಳಿದಳು, ಬಹಳ ಮೆತ್ತಗೆ.

'ಹೋದ ಗುರುವಾರದಿಂದ. ಇವರೇ ತಂದ್ಕೊಟ್ರು. ನಾಲ್ಕೂ ತಂದು ಇಟ್ರು ಪಾಪ. ಇಲ್ದಿದ್ರೆ ಆವತ್ತು ಏನಾಗ್ತಿತ್ತೋ ದೇವರಿಗೇ ಗೊತ್ತು.'

ಡಾಕ್ಟರಮ್ಮ ಕಡ್ಡಿಯ ಪೊಟ್ಟಣ ಹರಿಯುವುದರಲ್ಲಿದ್ದಳು, ಕೇಳಿಸಿಕೊಳ್ಳಲಿಲ್ಲ. ನರ್ಸು ಐಸ್ ಚೀಲವನ್ನು ಕೆಳಗಿಟ್ಟು, ನಾಲ್ಕನ್ನೂ ಒಂದರ ಮೇಲೊಂದು ಜೋಡಿಸಿ ಅವನ ಕಡೆ ಸರಿಸಿದಳು. ಅವಳು ಕೂಗುತ್ತಾಳೆ ಎಂದು ಅವನು ಕಾದ. ಎದ್ದು ನಿಂತು, ಇಷ್ಟು ಜನರ ಎದುರಿಗೆ, ನೋಡ್ರೀ ಎನ್ನುತ್ತಾಳೆ. ಅಂದರೆ ಸಾಕು, ಎಷ್ಟೋ ಹಗುರ, ತಾನು ಬಾಯಿ ತೆರೆಯಬೇಕಾಗಿಯೇ ಇಲ್ಲ. ಅವಳು ಅತ್ತಿಗೆಯ ಹೆಸರು ಕೇಳಿ ಲೇಬಲ್ಲು ಬರೆದಳು, ವಯಸ್ಸು ಕೇಳಿದಳು, ಜ್ವರ ಎಷ್ಟು ದಿನದಿಂದ ಎಂದು ಕೇಳಿದಳು. ಹನ್ನೆರಡನೆಯ ಕೊಳವೆಯೂ ಮುಚ್ಚಿ ಪೆಟ್ಟಿಗೆಗೆ ಸೇರಿದ ಮೇಲೆ ಚೀಟಿಯನ್ನೂ ಪೆನ್ನನ್ನೂ ಅವನ ಮುಂದಿಟ್ಟು ಹೇಳಿದಳು: 'ಬರ್ಕೊಳ್ಳಿ. ನೋಡಿ ಬರ್ಕೊಳ್ಳಿ.'

ಅವನು ನೋಡಿದ. ಮೂರು ಇತ್ತು. ಮೂರು ಎಂದು ಬರೆದ. ಅಂಕಿ ಸೊಟ್ಟಗಾಯಿತು.

ಹೊರಟ. ಊರಿನ ಕೊನೆಯ ಮನೆಗಳು ಹಿಂದಾದವು, ಪೆಟ್ರೋಲ್ ಬಂಕು ಹಿಂದಾಯಿತು, ಸೇತುವೆ ಬಂತು. ಅವಳು ಯಾಕೆ ಸುಮ್ಮನಿದ್ದಳು? ಅವಳಿಗೆ ಅರ್ಥವಾಗದೇ ಇದ್ದಿರಬಹುದು ಎಂದು ಒಂದು ಕ್ಷಣ ಅಂದುಕೊಂಡು, ಆ ನೆಮ್ಮದಿಗೆ ತಾನೇ ನಾಚಿದ. ಅರ್ಥವಾಗಿತ್ತು. ಅವನು ಹೇಳಲಿ ಎಂದು ಬಿಟ್ಟಿದ್ದಳು. ಇಲ್ಲ, ಹೇಳುವುದಿಲ್ಲ ಎಂದು ಗೊತ್ತಿದ್ದೇ ಬಿಟ್ಟಿದ್ದಳು, ಇಂಥವರನ್ನು ಎಷ್ಟು ನೋಡಿಲ್ಲ ಎನ್ನುವ ಹಾಗೆ. ಯಾವುದು ಹೆಚ್ಚು ಉರಿಯುತ್ತದೆ ಎಂದು ತೂಗಿ ನೋಡುತ್ತಿರುವಾಗಲೇ ಇನ್ನೊಂದು ಯೋಚನೆ ಮೆಲ್ಲಗೆ ತಲೆ ಹಾಕಿತು: ಈ ವಾರದ ಕೊಳವೆಗಳು ಸರಿಯಾಗಿವೆ, ತಣ್ಣಗಿವೆ, ಫಲಿತಾಂಶ ಸರಿಯಾಗಿ ಬರುತ್ತದೆ, ಸೋಮವಾರ ಊರಿಗೆ ಕೆಂಪು ಬೀಳುತ್ತದೆ, ಮಾತ್ರೆಗಳು ಬರುತ್ತವೆ. ಎಲ್ಲ ತಾನಾಗಿಯೇ ನೆಟ್ಟಗಾಗುತ್ತದೆ. ಬಾಯಿ ಬಿಡುವುದರಿಂದ ಯಾರಿಗೆ ಏನು ಲಾಭ? ಮುಂದಿನ ಮೈಲಿಯವರೆಗೂ ಆ ಮಾತು ಅವನ ಜೊತೆಗೇ ಬಂತು. ಹೌದು, ಕೆಂಪು ಬೀಳುತ್ತದೆ. ಡಾಕ್ಟರಮ್ಮ ಕಡ್ಡಿ ಹಿಡಿದ ವಾರ ಕೆಂಪು, ನರ್ಸು ಹಿಡಿದ ವಾರ ಬಿಳಿ. ಅದಕ್ಕಿಂತ ದೊಡ್ಡ ಸಾಕ್ಷಿ ಬೇಕೇ ಅವಳ ಮೇಲೆ? ಅವನು ಸರಿಯಾಗಿ ಕೆಲಸ ಮಾಡಿದಷ್ಟೂ ಅವಳು ಮುಳುಗುತ್ತಾಳೆ. ಈ ಲೆಕ್ಕ ಅವಳು ಅಲ್ಲಿ ಕೂತು ಲೇಬಲ್ಲು ಬರೆಯುತ್ತಲೇ ಹಾಕಿ ಮುಗಿಸಿದ್ದಳು ಎಂದು ಅವನಿಗೆ ಈಗ ಹೊಳೆಯಿತು. ಹಿಂದೆ ಬರುತ್ತಿದ್ದ ಬಸ್ಸಿನವನು ಬೈಯುತ್ತಿರುವಾಗಲೇ ಅವನು ನಡುರಸ್ತೆಯಲ್ಲಿ ಗಾಡಿ ತಿರುಗಿಸಿದ.

ಡಾಕ್ಟರಮ್ಮ ಒಬ್ಬ ಮುದುಕಿಯ ಬೆನ್ನಿಗೆ ಸ್ಟೆತಸ್ಕೋಪು ಇಟ್ಟಿದ್ದಳು. ಅವನು ಬಾಗಿಲಲ್ಲಿ ನಿಂತೇ ಹೇಳಿದ, ಇನ್ನು ಒಂದು ಹೆಜ್ಜೆ ಒಳಗಿಟ್ಟರೂ ಮಾತು ಹೊರಡುವುದಿಲ್ಲ ಎಂದು.

'ಐಸ್ ಇರ್ಲಿಲ್ಲ.'

'ಏನು?'

'ಹೋದ ವಾರ. ಪೆಟ್ಟಿಗೇಲಿ ಐಸ್ ಇರ್ಲಿಲ್ಲ ಅಮ್ಮಾ. ಮೂವತ್ತೊಂದು ಡಿಗ್ರಿ ಇತ್ತು. ನಾಲ್ಕು ಅಂತ ನಾನೇ ಬರ್ದೆ. ಇವರು ಸರಿಯಾಗೇ ತೆಗ್ದಿದ್ರು.'

ಡಾಕ್ಟರಮ್ಮ ಸ್ಟೆತಸ್ಕೋಪನ್ನು ಕಿವಿಯಿಂದ ತೆಗೆದು ಕೊರಳಿಗೆ ಹಾಕಿಕೊಂಡು, ಮುದುಕಿಗೆ ರವಿಕೆ ಸರಿ ಮಾಡಿಕೊಳ್ಳಲು ಹೇಳಿ, ಎದ್ದು ಬಂದಳು.

'ಐಸ್ ಎಲ್ಲಿ ಹೋಗಿತ್ತು?'

'ಅಣ್ಣಂಗೆ ಜ್ವರ ಇತ್ತು. ಅವನ ಮೈಗಿಟ್ಟೆ.'

'ನಿಮ್ಮಣ್ಣನ ಮನೆ ಎಲ್ಲಿ?'

'ಇಲ್ಲೇ. ಹಿಂದಿನ ಬೀದೀಲಿ.'

'ಹಿಂದಿನ ಬೀದೀಲಾ?' ಅವಳು ಕೋಪಕ್ಕಿಂತ ಹೆಚ್ಚಾಗಿ ದಿಗಿಲಿನಿಂದ ನೋಡಿದಳು. 'ಐಸ್ ಹೊತ್ಕೊಂಡು ಹೋಗೋ ಬದ್ಲು ಅವನನ್ನೇ ಗಾಡೀಲಿ ಹಾಕ್ಕೊಂಡು ಇಲ್ಲಿಗೆ ಬರಬಹುದಿತ್ತಲ್ಲೋ. ಐದು ನಿಮಿಷ. ನಾನು ಇಲ್ಲೇ ಇದ್ನಲ್ಲ!'

ಆವತ್ತು ಗಾಡಿ ಅಣ್ಣನ ಬಾಗಿಲಲ್ಲೇ ನಿಂತಿತ್ತು. ಎರಡು ಸಲ ಓಡಿ ಹೋಗಿ ಅದರ ಬಾಗಿಲು ತೆಗೆದಿದ್ದ. ಅಣ್ಣನನ್ನು ಅದರಲ್ಲಿ ಮಲಗಿಸಬಹುದು ಎಂದು ಆ ಒಂದು ಗಂಟೆಯಲ್ಲಿ ಒಂದು ಸಲವೂ, ಅಪ್ಪಿತಪ್ಪಿಯೂ, ಹೊಳೆದಿರಲಿಲ್ಲ. ಅಮ್ಮನ ವಿಷಯದಲ್ಲಿ ಹೊಳೆದು ಬೇಡವೆಂದಿದ್ದ. ಈ ಸಲ ಹೊಳೆಯಲೇ ಇಲ್ಲ. ಅಣ್ಣ ಗೋಡೆಯ ಕಡೆ ಹೊರಳುವ ಮೊದಲು, ಜ್ವರದ ಕಣ್ಣಿನಲ್ಲಿ, ಕಿಟಕಿಯಾಚೆ ನಿಂತ ಗಾಡಿಯನ್ನು ನೋಡಿದ್ದನೇ?

'ಸೋಮವಾರ ಬಿಳಿ ಅಂತ ಬಂತಲ್ಲ,' ಎನ್ನುತ್ತಿದ್ದಳು ಡಾಕ್ಟರಮ್ಮ, ಅವನಿಗಲ್ಲ, ಕಿಟಕಿಗೆ ಹೇಳುವಂತೆ. 'ವೃದ್ಧಾಶ್ರಮಕ್ಕೆ ಹೊರಗಿನವರು ಬರಬಾರದು ಅಂತ ನಾನೇ ಬೋರ್ಡು ಹಾಕ್ಸಿದ್ದೆ. ಅಲ್ಲಿಯವರು ಬಂದು ನಕ್ಕರು, ಫ್ಲೂನೇ ಇಲ್ವಂತಲ್ಲಾ ಅಂತ. ನಾನೇ ತೆಗೆಸ್ದೆ. ಮಂಗಳವಾರ ಎಲ್ಲ ಮಕ್ಕಳು ಮೊಮ್ಮಕ್ಕಳು ಬಂದು ಹೋದ್ರು. ಇವತ್ತು ಅಲ್ಲಿ ಐದು ಜನಕ್ಕೆ ಜ್ವರ.' ಮೇಜಿಗೆ ಕೂತು ಕಾಗದ ಎಳೆದುಕೊಂಡಳು. ಬರೆಯುವಾಗ ಆ ಬೆರಳುಗಳು ಒಂದಿಷ್ಟೂ ನಡುಗಲಿಲ್ಲ. ಅವನು ನಿಂತೇ ಇದ್ದ. ನರ್ಸು ತನ್ನ ಮೂಲೆಯಿಂದ ಅವನನ್ನು ನೋಡುತ್ತಿದ್ದಳು. ಏನಾದರೂ ಅನ್ನುತ್ತಾಳೆ, ಬೈಗುಳವೋ, ಥ್ಯಾಂಕ್ಸೋ. ಕೊನೆಗೆ ಅವಳು ಅಂದದ್ದು, 'ನಿಮ್ಮಣ್ಣ ಹುಷಾರಾದ್ರಲ್ಲ' ಎಂದು. ಅದು ಕುಟುಕೋ ಸಮಾಧಾನವೋ ತಿಳಿಯದೆ ಅವನು 'ಹೂಂ' ಅಂದ.

ಡಾಕ್ಟರಮ್ಮ ಕಾಗದವನ್ನು ಮಡಿಸಿ, ಅಂಟಿಸದೆ ಅವನ ಕೈಗಿಟ್ಟಳು. 'ಫೋನಲ್ಲೂ ಹೇಳ್ತೀನಿ. ಆದ್ರೆ ಇದು ಬರಹದಲ್ಲಿ ಹೋಗ್ಬೇಕು, ಹೋಗೋ ಗಾಡಿ ನಿಂದೊಂದೇ. ತಗೊಂಡ್ಹೋಗಿ ಕೊಡು.'

ದಾರಿಯುದ್ದಕ್ಕೂ ಕಾಗದ ಅಂಗಿಯ ಜೇಬಿನಲ್ಲಿ ಎದೆಗೆ ಚುಚ್ಚುತ್ತಿತ್ತು. ಅಂಟಿಸದೆ ಕೊಟ್ಟದ್ದು ಓದಲಿ ಎಂದೋ, ನಂಬಿಕೆಯಿಂದಲೋ, ಅಂಟು ಮುಗಿದಿತ್ತೋ? ಅವನು ಓದಲಿಲ್ಲ. ಅರ್ಧ ದಾರಿಯಲ್ಲಿ ನಿಲ್ಲಿಸಿ ಎರಡನೆಯ ಚೌಕ ತುಂಬಿದ, ಲ್ಯಾಬಿನ ಗೇಟಿನಲ್ಲಿ ಮೂರನೆಯದು. ಗಾಜಿನ ಹಿಂದೆ ಕೂತ ಹೆಂಗಸು ಎಂದಿನಂತೆ ಅವನ ಮುಖ ನೋಡದೆ ಪೆಟ್ಟಿಗೆ ಎಳೆದುಕೊಂಡು, ಚೀಟಿಗೆ ಸಹಿ ಹಾಕಿ, ಹಳದಿ ಗೆರೆಯ ಹಿಂದಕ್ಕೆ ನಿಲ್ಲುವಂತೆ ಪೆನ್ನಿನಲ್ಲೇ ಸನ್ನೆ ಮಾಡಿದಳು. ಅವನು ಗೆರೆ ದಾಟಿ ಬಂದು ಕಾಗದವನ್ನು ಗಾಜಿನ ಕೆಳಗೆ ತೂರಿಸಿದ. 'ಇದೇನು?' 'ನನ್ನ ವಿಷಯ,' ಅಂದ. ಅವಳು ಓದಿದಳು. ಓದುತ್ತ ಓದುತ್ತ ಹನ್ನೆರಡು ವರ್ಷದಲ್ಲಿ ಮೊದಲ ಸಲ ತಲೆ ಎತ್ತಿ ಅವನ ಮುಖವನ್ನು ನೋಡಿದಳು.

ಮೇಲಧಿಕಾರಿ ಹೆಚ್ಚು ಮಾತಾಡಲಿಲ್ಲ. ನಿನ್ನಂಥವನೇ ಹೀಗೆ ಮಾಡಿದರೆ ಎಂದು ಶುರು ಮಾಡಿ, ವಿಚಾರಣೆ ಮುಗಿಯುವ ತನಕ ಗಾಡಿ ಮುಟ್ಟುವ ಹಾಗಿಲ್ಲ ಎಂದು ಬೀಗದ ಕೈ ಇಸಿದುಕೊಂಡರು. ಉಗ್ರಾಣದವನು ಕಾರಿಡಾರಿನಲ್ಲಿ ಎದುರಾದ; ಏನೋ ತಮಾಷೆ ಮಾಡಲು ಬಾಯಿ ತೆರೆದು, ಮುಚ್ಚಿ, ಗೋಡೆಯ ಬದಿಗೆ ಸರಿದು ದಾರಿ ಬಿಟ್ಟ. ಮನೆಯಲ್ಲಿ ಹೆಂಡತಿ ಎಲ್ಲ ಕೇಳಿ, 'ಮೊದಲೇ ಹೇಳಿದ್ರೆ ಏನ್ ತಲೆ ಹೋಗ್ತಿತ್ತಾ?' ಎಂದಳು. ತಟ್ಟೆ ಹಾಕುತ್ತ, 'ಅಣ್ಣನ ಮನೇಗೆ ಹೋಗಿದ್ದು ಒಂದು ಮಾತು ನಂಗೂ ಹೇಳ್ಲಿಲ್ಲ ನೀವು' ಎಂದಳು. ಅವಳಿಗೆ ನೋವಾದದ್ದು ಅದಕ್ಕೇ. ಶುಕ್ರವಾರ, ಶನಿವಾರ ಅವನು ಮನೆಯೊಳಗೆ ಕೂತಲ್ಲಿ ಕೂರದೆ, ನಿಂತಲ್ಲಿ ನಿಲ್ಲದೆ ತಿರುಗಿದ. ನಲ್ಲಿಯ ವಾಷರು ಬದಲಾಯಿಸಿದ, ಮತ್ತೆ ಬಿಚ್ಚಿ ಹಳೆಯದನ್ನೇ ಹಾಕಿದ.

ಭಾನುವಾರ ಬೆಳಿಗ್ಗೆ ನರ್ಸಿನ ಫೋನು ಬಂತು. ಪರಿಚಯ ಹೇಳಿಕೊಳ್ಳದೆ ನೇರ ವಿಷಯಕ್ಕೆ ಬಂದಳು. 'ಹನ್ನೆರಡರಲ್ಲಿ ಹತ್ತು. ಕೆಂಪು.'

'ಒಳ್ಳೇದಾಯ್ತು,' ಎಂದ ಅವನು, ಎಂದ ಕೂಡಲೇ ನಾಲಿಗೆ ಕಚ್ಚಿಕೊಂಡ.

'ಒಳ್ಳೇದೇನಾಯ್ತು? ವೃದ್ಧಾಶ್ರಮದಿಂದ ಇಬ್ಬರನ್ನ ದೊಡ್ಡಾಸ್ಪತ್ರೆಗೆ ಸೇರ್ಸಿದಾರೆ. ಒಬ್ಬರಿಗೆ ಆಕ್ಸಿಜನ್ ಹಾಕಿದಾರೆ. ರಿಟೈರ್ಡ್ ಟೀಚರು. ನಂಗೂ ಪಾಠ ಹೇಳ್ಕೊಟ್ಟಿದ್ರು.' ಅವಳ ಉಸಿರು ಕೇಳುತ್ತಿತ್ತು. 'ಮಾತ್ರೆ ನಾಳೆ ಬರುತ್ತಂತೆ. ನಂಗೆ ಬರೋ ಗುರುವಾರದಿಂದ ಮತ್ತೆ ಕಡ್ಡಿ ಕೊಟ್ಟಿದಾರೆ. ನಿಮಗೆ ಹೇಳ್ಬೇಕು ಅನ್ನಿಸ್ತು, ಹೇಳ್ದೆ. ಹತ್ತರಲ್ಲಿ ನಿಮ್ಮ ಅತ್ತಿಗೆದೂ ಒಂದು.' ಫೋನು ಇಟ್ಟಳು. ಆ ಟೀಚರು ಯಾರು, ಎಷ್ಟು ವಯಸ್ಸು, ಯಾರು ನೋಡಲು ಬಂದಿದ್ದರು ಎಂದು ಕೇಳಬೇಕೆಂದು ಅವನು ಮತ್ತೆ ಆ ನಂಬರು ಒತ್ತಿದ. ಗಂಟೆ ಹೊಡೆದುಕೊಂಡಿತು, ಅವಳು ಎತ್ತಲಿಲ್ಲ. ಎತ್ತಿದ್ದರೂ ಏನು ಕೇಳುತ್ತಿದ್ದ?

ಬಸ್ಸಿಗೆ ಮೂರು ಗಂಟೆ ಹಿಡಿಯಿತು. ಗಾಡಿಯಲ್ಲಿ ಹೋಗುವಾಗ ಕಾಣದ ಊರುಗಳೆಲ್ಲ ಬಸ್ಸಿನಲ್ಲಿ ನಿಂತು ನಿಂತು ಕಂಡವು. ಮಾಸ್ಕಿನೊಳಗೆ ತನ್ನದೇ ಉಸಿರು ಬಿಸಿಯಾಗಿ ತಿರುಗಿ ಮುಖಕ್ಕೆ ಬಡಿಯುತ್ತಿತ್ತು. ಅಣ್ಣನ ಮನೆಯ ಬಾಗಿಲು ತಟ್ಟಿ, ಮತ್ತೆ ತಟ್ಟಲೋ ಬೇಡವೋ ಎಂದು ಅನುಮಾನಿಸುತ್ತಿರುವಾಗ ಅದು ತೆರೆಯಿತು. ಅಣ್ಣ ಅರ್ಧಕ್ಕೆ ಇಳಿದಿದ್ದ, ಅಂಗಿ ಹ್ಯಾಂಗರಿಗೆ ಹಾಕಿದ ಹಾಗೆ ತೂಗುತ್ತಿತ್ತು. ಕೈಯಲ್ಲಿ ಒದ್ದೆ ಬಟ್ಟೆ. ಅವನನ್ನು ನೋಡಿ, ಅವನ ಭುಜದ ಮೇಲಿಂದ ಖಾಲಿ ಬೀದಿಯನ್ನು ನೋಡಿದ.

'ಗಾಡಿ?'

'ಕಿತ್ಕೊಂಡ್ರು. ಬಸ್ಸಲ್ಲಿ ಬಂದೆ.'

'ಯಾಕೆ ಕಿತ್ಕೊಂಡ್ರು?'

ನಿನಗೆ ಐಸ್ ಕೊಟ್ಟದ್ದಕ್ಕೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದು ನಿಜವೂ ಆಗಿತ್ತು. ಅವನು ಅದನ್ನು ನುಂಗಿಕೊಂಡ. 'ಸುಳ್ಳು ಬರ್ದಿದ್ದಕ್ಕೆ.'

'ನೀನಾ?' ಎಂದ ಅಣ್ಣ. 'ಸುಳ್ಳಾ?' ನಗು ಬಂತೋ ಕೆಮ್ಮು ಬಂತೋ, ಬಾಗಿಲ ಚೌಕಟ್ಟು ಹಿಡಿದುಕೊಂಡು ಬಗ್ಗಿದ. ಎದ್ದಾಗ ಕಣ್ಣಲ್ಲಿ ನೀರಿತ್ತು. ಆ ಮುಖದಲ್ಲಿ ಇದ್ದದ್ದು ಕ್ಷಮೆಯಲ್ಲ. ಬಹಳ ಕಾಲದಿಂದ ಬೀಗ ಹಾಕಿದ್ದ ಪಕ್ಕದ ಮನೆಯಲ್ಲಿ ಯಾರೋ ಇದ್ದಾರೆ ಎಂದು ಗೊತ್ತಾದವನ ಅಚ್ಚರಿ. ಒಳಗಿನಿಂದ ಅತ್ತಿಗೆ ನರಳಿದಳು. ಅಣ್ಣ ತಿರುಗಿ ಒಳಗೆ ಹೋದ. ಬಾ ಎನ್ನಲಿಲ್ಲ, ಬಾಗಿಲನ್ನೂ ಹಾಕಲಿಲ್ಲ.

ಅವನು ಸ್ವಲ್ಪ ಹೊತ್ತು ಹೊಸ್ತಿಲಲ್ಲೇ ನಿಂತಿದ್ದು, ಚಪ್ಪಲಿ ಬಿಟ್ಟು, ಒಳಗೆ ಬಂದು, ಹಿತ್ತಲ ನಲ್ಲಿಯಲ್ಲಿ ಮೊಣಕೈವರೆಗೆ ಕೈ ತೊಳೆದುಕೊಂಡ. ಅಡುಗೆಮನೆಯಲ್ಲಿ ಮೂರು ದಿನದ ಪಾತ್ರೆ ಬಿದ್ದಿತ್ತು. ಒಂದು ಪಾತ್ರೆ ಉಜ್ಜಿ ನೀರು ತುಂಬಿ ಒಲೆಯ ಮೇಲಿಟ್ಟ. ಬೆಂಕಿಪೊಟ್ಟಣ ಸಿಗಲಿಲ್ಲ. ಶೆಲ್ಫಿನ ಡಬ್ಬಿಗಳನ್ನು ಒಂದೊಂದಾಗಿ ಸರಿಸಿ ಹಿಂದೆ ಹುಡುಕಿದ, ತಟ್ಟೆಗಳ ಕೆಳಗೆ ಹುಡುಕಿದ. ಒಂದು ಡಬ್ಬಿ ಉರುಳಿ ನೆಲಕ್ಕೆ ಬಿತ್ತು. ಆ ಸದ್ದಿಗೆ ಅವನು ಕಳ್ಳನ ಹಾಗೆ ಉಸಿರು ಬಿಗಿಹಿಡಿದು ನಿಂತ.

'ಕಿಟಕಿ ಹತ್ರಾನೇ ಇದೆ ನೋಡೋ,' ಎಂದ ಅಣ್ಣ ಒಳಗಿನಿಂದ. 'ಕಣ್ಣು ಕಾಣಲ್ವಾ?'